ವಿಳಾಸವಿರುವ ಕಲ್ಲುಗಳು

ಹೈದರಾಬಾದಿನ ಬಂಡೆಗಳಿಗೂ ನನ್ನ ಹವ್ಯಾಸಕ್ಕೂ ವಯಸ್ಸಿನಲ್ಲಿ ಸುಮಾರು 200 ಕೋಟಿ ವರ್ಷಗಳ ಅಂತರ. ಗೋಲ್ಕೊಂಡದ ಕೋಟೆಯನ್ನು ಹೊತ್ತ ಗುಡ್ಡ, ಬಂಜಾರಾ ಹಿಲ್ಸ್‌ನ ಬಂಗಲೆಗಳ ಕಾಂಪೌಂಡಿನೊಳಗೆ ಸಿಕ್ಕಿಬಿದ್ದ ಗುಂಡುಗಲ್ಲುಗಳು, ದುರ್ಗಂ ಚೆರುವಿನ ಸುತ್ತ ಒಂದರ ಮೇಲೊಂದು ಕೂತು ಇನ್ನೇನು ಉರುಳುತ್ತೇವೆ ಎಂದು ಹೆದರಿಸುವ ಹೆಬ್ಬಂಡೆಗಳು, ಎಲ್ಲವೂ 250 ಕೋಟಿ ವರ್ಷದ ಆಸುಪಾಸಿನ ಗ್ರಾನೈಟು. ನಾನು ಹುಡುಕುವುದೋ ಸೀ ಅರ್ಚಿನ್‌ಗಳ ಪಳೆಯುಳಿಕೆ. ಮೈತುಂಬ ಮುಳ್ಳು ಹೊತ್ತು ಕಡಲ ತಳದಲ್ಲಿ ತೆವಳಾಡುವ ಆ ದುಂಡು ಜೀವಿಗಳು ಭೂಮಿಯ ಮೇಲೆ ಕಾಣಿಸಿಕೊಂಡದ್ದು ಸುಮಾರು 45 ಕೋಟಿ ವರ್ಷದ ಹಿಂದೆ. ಅಷ್ಟು ಹೊತ್ತಿಗೆ ನಮ್ಮೂರ ಬಂಡೆಗಳಿಗೆ ಆಗಲೇ ಮುಪ್ಪು ಬಂದಿತ್ತು. ಸಾಲದ್ದಕ್ಕೆ ಗ್ರಾನೈಟೆಂದರೆ ಕರಗಿ, ಕುದಿದು, ಆರಿ ಗಟ್ಟಿಯಾದ ಕಲ್ಲು; ಆ ಕುದಿಯಲ್ಲಿ ಯಾವ ಜೀವದ ಗುರುತೂ ಉಳಿಯುವ ಮಾತಿಲ್ಲ. ತಾನಿರುವ ಊರಿನಲ್ಲಿ ಎಂದೆಂದಿಗೂ ಸಿಗಲಾರದ್ದನ್ನೇ ಆರಿಸಿ ಮನಸ್ಸು ಕೊಡುವ ಜನ ಪ್ರೇಮಕಥೆಗಳಲ್ಲಿ ಬಹಳ. ಕಲ್ಲು ಆರಿಸುವವರಲ್ಲೂ ಇದ್ದೇವೆ.

ಕಾಚಿಗುಡದ ನಮ್ಮ ಹಳೆಯ ಮನೆಯ ನೆಲಕ್ಕೆ ಶಹಾಬಾದ್ ಕಲ್ಲು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರಿಮೈಯಲ್ಲಿ ಬೋರಲಾಗಿ ಮಲಗಿದರೆ ಫ್ಯಾನೇ ಬೇಡ. ಹುಚ್ಚು ಹೊಸದಾಗಿ ಹಿಡಿದಾಗ ನಾನು ಹಾಗೆ ಮಲಗಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಅಡುಗೆಮನೆಯಿಂದ ಪಡಸಾಲೆಯವರೆಗಿನ ಚಪ್ಪಡಿಗಳನ್ನೆಲ್ಲ ಪರೀಕ್ಷೆ ಮಾಡಿದ್ದುಂಟು. ಸುಣ್ಣಕಲ್ಲು ತಾನೇ, ಸಮುದ್ರದ ಕೆಸರಿನಿಂದ ಆದದ್ದು ತಾನೇ, ಒಂದಾದರೂ ಚಿಪ್ಪಿರಬಾರದೆ ಎಂಬ ಆಸೆ. ಇರಲಿಲ್ಲ. ಭೀಮಾ ನದಿಯ ಆಚೀಚೆಯ ಆ ಸುಣ್ಣಕಲ್ಲೂ ಅರ್ಚಿನ್‌ಗಳಿಗಿಂತ ಹಿರಿದು. ಚಿಪ್ಪು ಕಟ್ಟಿಕೊಳ್ಳುವ ವಿದ್ಯೆ ಇನ್ನೂ ಯಾವ ಜೀವಿಗೂ ಒಲಿಯದ ಕಾಲದ ಕಡಲು ಅದು. ನೆಲ ಒರೆಸಲು ಬಂದ ಹೆಂಡತಿ, "ಏನ್ರೀ, ಏನರೆ ಬಿದ್ದಾದೇನು? ಹೇಳ್ರಿ, ನಾನೂ ಹುಡುಕ್ತೀನಿ" ಎಂದಳು. ಅಂಥ ಸಹಾನುಭೂತಿಗೆ ಏನು ಉತ್ತರ ಕೊಡುವುದು?

ಹುಚ್ಚು ಹಿಡಿಸಿದ್ದು ಜುಮೇರಾತ್ ಬಜಾರ್. ಹೆಸರಿಗೆ ತಕ್ಕಂತೆ ಗುರುವಾರ ನೆರೆಯುವ ಹಳೆ ಸಾಮಾನಿನ ಸಂತೆ. ಒಂಟಿ ಬೂಟು, ಮುಳ್ಳಿಲ್ಲದ ಗಡಿಯಾರ, ಯಾರದೋ ಮದುವೆಯ ಫೋಟೋ ಇರುವ ಫ್ರೇಮು, ಎಲ್ಲವೂ ಅಲ್ಲಿ ಉಂಟು. ಫೋಟೋಕ್ಕೆ ಬೇರೆ ದುಡ್ಡಿಲ್ಲ, ಫ್ರೇಮಿನ ಬೆಲೆಯಲ್ಲೇ ಗಂಡುಹೆಣ್ಣು ಬರುತ್ತಾರೆ. ಅಂಥ ರಾಶಿಯಲ್ಲಿ ಒಂದು ಬೂದುಬಣ್ಣದ ಕಲ್ಲು ಕಂಡಿತು. ಮೇಲ್ಭಾಗದಲ್ಲಿ ಐದೆಸಳಿನ ಹೂವು, ಯಾರೋ ಸೂಜಿಯಿಂದ ಚುಕ್ಕಿ ಇಟ್ಟು ಬಿಡಿಸಿದಷ್ಟು ನವುರು. ಮಾರುವವನು ಪೇಪರ್‌ವೇಟ್ ಎಂದ. ನಾನೂ ಪೇಪರ್‌ವೇಟ್ ಎಂದೇ ಕೊಂಡೆ.

ನಮ್ಮ ಗಲ್ಲಿಯ ತುದಿಮನೆಯಲ್ಲಿ ಒಬ್ಬ ಚಾಚಾ ಇದ್ದರು. ನಕ್ಷೆ ಬರೆಯುವ ಸರ್ಕಾರಿ ಕೆಲಸದಿಂದ ನಿವೃತ್ತರು. ಬೆರಳುಗಳಲ್ಲಿ ಇಂಡಿಯನ್ ಇಂಕಿನ ಕಲೆ ಪಿಂಚಣಿಯ ಕಾಲದಲ್ಲೂ ಹೋಗಿರಲಿಲ್ಲ. ಕಲ್ಲನ್ನು ಅವರಿಗೆ ತೋರಿಸಿದೆ. ಕನ್ನಡಕವನ್ನು ಹಣೆಗೇರಿಸಿ, ಕಲ್ಲನ್ನು ಮೂಗಿನ ಹತ್ತಿರ ತಂದು, ಬಹಳ ಹೊತ್ತು ಸುಮ್ಮನಿದ್ದು, "ಕಹಾಂ ಕಾ ಹೈ ಮಿಯಾ?" ಎಂದರು. ಜುಮೇರಾತ್ ಬಜಾರಿನದು ಎಂದೆ. "ಹೌ, ಉಸ್ಸೆ ಪಹಲೆ?" ಎಂದರು. ಅದಕ್ಕೂ ಮೊದಲು ಎಲ್ಲಿತ್ತೋ ಯಾರಿಗೆ ಗೊತ್ತು? ಅವರು ಕಲ್ಲನ್ನು ನನ್ನ ಕೈಗೆ ಹಿಂತಿರುಗಿಸಿದ ರೀತಿ ಇನ್ನೂ ನೆನಪಿದೆ, ತಂದೆತಾಯಿಯ ಹೆಸರು ಗೊತ್ತಿಲ್ಲದ ಮಗುವನ್ನು ಮರಳಿಸುವಷ್ಟು ಮೆಲ್ಲಗೆ. "ಪತ್ಥರ್ ಕೂ ಜುಬಾನ್ ನೈ ರಹತಿ. ಚಿಟ್ಠೀಚ್ ಉಸ್ಕಿ ಜುಬಾನ್" ಎಂದರು.

ಆಮೇಲೆ ಒಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ಹತ್ತಿಯ ಹಾಸಿಗೆಯ ಮೇಲೆ ಅರ್ಚಿನ್‌ಗಳು. ಕೆಲವು ಗುಂಡಿಯಷ್ಟು, ಕೆಲವು ಮುಷ್ಟಿಯಷ್ಟು. ಪ್ರತಿಯೊಂದರ ಕೆಳಗೂ ಚೀಟಿ, ನಕ್ಷೆಯ ಮೇಲೆ ಊರ ಹೆಸರು ಬರೆಯುವ ಆ ನೆಟ್ಟಗಿನ ಇಂಗ್ಲಿಷ್ ಅಕ್ಷರಗಳಲ್ಲಿ. ಮೂರೇ ಸಾಲು: ಜಾಗ, ಪದರ, ತಾರೀಖು. ನಾಲ್ಕನೆಯ ಸಾಲಿಗೆ ಅವಕಾಶವಿರಲಿಲ್ಲ. ಹೆಕ್ಕಿದವರ ಹೆಸರು ಬರೆಯುವ ರೂಢಿ ಎಲ್ಲ ಸಂಗ್ರಹಾಲಯಗಳಲ್ಲೂ ಇದೆಯಲ್ಲ ಚಾಚಾ ಎಂದರೆ, ಕಲ್ಲು ನಿಮಗಾಗಿ ಅಲ್ಲಿ ಕಾದು ಕೂತಿರಲಿಲ್ಲ, ಇನ್ಸಾನ್ ಕಾ ನಾಮ್ ನಕ್ಕೋ ಎನ್ನುತ್ತಿದ್ದರು.

ಆ ಪೆಟ್ಟಿಗೆಯ ಹೆಚ್ಚಿನ ಚೀಟಿಗಳ ಮೊದಲ ಸಾಲು ಅರಿಯಲೂರು. ತಿರುಚ್ಚಿಯ ಈಶಾನ್ಯಕ್ಕಿರುವ ಆ ಸುಣ್ಣಕಲ್ಲಿನ ಸೀಮೆ ನಮ್ಮ ದೇಶದ ಅರ್ಚಿನ್ ಹುಚ್ಚರಿಗೆಲ್ಲ ಕಾಶಿ. ಸುಮಾರು 7 ಕೋಟಿ ವರ್ಷದ ಹಿಂದೆ ಅಲ್ಲಿ ಆಳವಿಲ್ಲದ ಬೆಚ್ಚಗಿನ ಕಡಲಿತ್ತು. ಭಾರತ ಆಗಿನ್ನೂ ಏಷ್ಯಾಕ್ಕೆ ಅಂಟಿರಲಿಲ್ಲ. ಭೂಮಧ್ಯರೇಖೆಯ ದಕ್ಷಿಣದಲ್ಲಿ ಒಂಟಿ ದ್ವೀಪವಾಗಿ ಉತ್ತರದ ದಾರಿ ಹಿಡಿದಿತ್ತು. ಆ ಕಡಲು ಬಿಟ್ಟುಹೋದ ಸಿಂಪಿ, ಶಂಖ, ಅರ್ಚಿನ್‌ಗಳ ರಾಶಿಯನ್ನೇ ಈಗ ಅಲ್ಲಿಯ ಕಾರ್ಖಾನೆಗಳು ಸುಟ್ಟು ಸಿಮೆಂಟು ಮಾಡುತ್ತವೆ. ಹೈದರಾಬಾದಿನಲ್ಲಿ ಏಳುವ ಯಾವ ಅಪಾರ್ಟ್‌ಮೆಂಟಿನ ಗೋಡೆಯಲ್ಲಿ ಎಷ್ಟು ಅರ್ಚಿನ್ ಪುಡಿಯಾಗಿ ಸೇರಿದೆಯೋ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಊರಿನಲ್ಲಿ ಅರ್ಚಿನ್ ಇಲ್ಲ ಎಂಬ ನನ್ನ ದೂರನ್ನು ಹಾಗೆ ನೋಡಿದರೆ ಹಿಂದೆಗೆಯಬೇಕು.

ಅರಿಯಲೂರೆಂದರೆ ನಮ್ಮಪ್ಪನಿಗೆ ನೆನಪಾಗುತ್ತಿದ್ದುದು ಬೇರೆ. 1956ರ ಸೆಪ್ಟೆಂಬರಿನಲ್ಲಿ ಇಲ್ಲೇ ಮೆಹಬೂಬ್‌ನಗರದ ಹತ್ತಿರ ಸೇತುವೆ ಕುಸಿದು ರೈಲು ಬಿತ್ತು. ರೈಲ್ವೆ ಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಜೀನಾಮೆ ಬರೆದರು, ನೆಹರೂ ಒಪ್ಪಲಿಲ್ಲ. ನವೆಂಬರಿನಲ್ಲಿ ಅರಿಯಲೂರಿನ ಬಳಿ ಮತ್ತೊಂದು ರೈಲು ಹೊಳೆಗೆ ಬಿತ್ತು. ಈ ಸಲ ರಾಜೀನಾಮೆ ಅಂಗೀಕಾರವಾಯಿತು. ಈ ಎರಡು ಅಪಘಾತಗಳ ನಡುವೆ, ನವೆಂಬರ್ 1ರಂದು, ಹೈದರಾಬಾದ್ ರಾಜ್ಯವೇ ಇಲ್ಲವಾಗಿ ಕಲಬುರ್ಗಿ, ಬೀದರ್, ರಾಯಚೂರು ಅತ್ತ ಮೈಸೂರಿಗೆ ಹೋದವು. ನೌಕರಿಗೆಂದು ಕಲಬುರ್ಗಿಯಿಂದ ಬಂದು ಕಾಚಿಗುಡದಲ್ಲಿ ಬಾಡಿಗೆಗಿದ್ದ ಅಪ್ಪ ಇತ್ತಲೇ ಉಳಿದರು. "ನಾನು ಕುಂತ ಜಾಗಾ ಬಿಟ್ಟು ಎದ್ದಿಲ್ಲ ನೋಡು, ನನ್ನ ಊರs ಎದ್ದು ಹೋತು" ಎನ್ನುತ್ತಿದ್ದರು. ನೃಪತುಂಗ ಶಾಲೆಯಲ್ಲಿ ನಮ್ಮನ್ನು ಕನ್ನಡ ಕಲಿಯಲು ಹಾಕಿ, ತಾವು ಮಾತ್ರ ಖರ್ಚಿನ ಲೆಕ್ಕವನ್ನು ಕೊನೆಯವರೆಗೂ ಉರ್ದುವಿನಲ್ಲೇ ಬರೆದರು.

ಈ ಬಗೆಯ ಪಾಡು ಅರ್ಚಿನ್‌ಗಳಿಗೂ ತಪ್ಪಿದ್ದಲ್ಲ. ಅರಿಯಲೂರಿನ ಸುಣ್ಣಕಲ್ಲಿನಲ್ಲಿ ಸಿಗುವ ಒಂದು ದೊಡ್ಡ ಅರ್ಚಿನ್ನಿಗೆ ಇಂದಿನ ಹೆಸರು ಸ್ಟಿಗ್ಮಟೋಪೈಗಸ್ ಎಲಾಟಸ್. ಹೆಸರಿನ ಎರಡನೆಯ ಭಾಗ ಕೊಟ್ಟವರು ಎಡ್ವರ್ಡ್ ಫೋರ್ಬ್ಸ್, 1846ರಲ್ಲಿ, ಲಂಡನ್ನಿನಲ್ಲಿ ಕೂತು. ಕಲ್ಲುಗಳನ್ನು ಕಳಿಸಿದವರು ಕೇ ಮತ್ತು ಕನ್ಲಿಫ್. ಕೇ ಮದ್ರಾಸ್ ಸಿವಿಲ್ ಸರ್ವಿಸ್ಸಿನವರು. ಫೈಲು ನೋಡುವ ಕೈಯಿಂದಲೇ ಕಲ್ಲು ಹೆಕ್ಕಿದ ನಮ್ಮ ಕುಲದ ಹಿರಿಯರು. ಮೊದಲ ಭಾಗ ಬೇರೆಯವರದು. ಒಂದು ಜೀವಿಯನ್ನು ಒಂದು ಕುಲದಿಂದ ಇನ್ನೊಂದಕ್ಕೆ ಸೇರಿಸಿದಾಗ ಮೊದಲು ಹೆಸರಿಟ್ಟವರನ್ನು ಕಂಸದೊಳಗೆ ಕೂರಿಸುವುದು ಪ್ರಾಣಿಶಾಸ್ತ್ರದ ಪದ್ಧತಿ. ಹಾಗಾಗಿ ಎಲಾಟಸ್‌ನ ಪಕ್ಕ ಫೋರ್ಬ್ಸ್ ಇಂದಿಗೂ ಕಂಸದೊಳಗಿದ್ದಾರೆ. ಕಲ್ಲು ಕೂತಲ್ಲಿಂದ ಕದಲಿಲ್ಲ, ಕುಲ ಬದಲಾಯಿತು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಕಂಸದ ವಿಷಯವನ್ನು ಬಹಳ ಮೆಚ್ಚಿಕೊಂಡರು.

ಗುರುತು ಹಚ್ಚುವುದೆಂದರೆ ಏನು ಎಂದು ಕೇಳುವವರಿಗೆ ಸಂಕೋಚ ಬಿಟ್ಟು ಹೇಳಬೇಕಾದ ಒಂದು ಸತ್ಯವಿದೆ. ಅರ್ಚಿನ್‌ಗಳ ವಂಶಾವಳಿ ನಿಂತಿರುವುದು ಬಹುಪಾಲು ಗುದದ್ವಾರ ಎಲ್ಲಿದೆ ಎಂಬುದರ ಮೇಲೆ. ಹಳೆಯ ಕ್ರಮದ ಅರ್ಚಿನ್‌ಗಳಿಗೆ ಬಾಯಿ ಕೆಳಗೆ, ನಟ್ಟನಡುವೆ. ವಿಸರ್ಜನೆ ಮೇಲೆ, ನೆತ್ತಿಯಲ್ಲಿ. ಮೈ ಪೂರ್ತಿ ದುಂಡು. ಮುಂದೆ ಕೆಲವು ಮನೆತನಗಳು ಮರಳು ಕೊರೆದು ಒಳಗೆ ಬಾಳುವುದನ್ನು ಕಲಿತವು. ಅಲ್ಲಿ ನೆತ್ತಿಯಿಂದ ವಿಸರ್ಜಿಸಿದರೆ ಸರಿಹೋಗುವುದಿಲ್ಲ. ಆ ದ್ವಾರ ಪೀಳಿಗೆಯಿಂದ ಪೀಳಿಗೆಗೆ ಹಿಂದೆ ಸರಿಯುತ್ತ ಬಂತು. ಅದರೊಂದಿಗೆ ಮೈಗೆ ಹಿಂದು ಮುಂದು ಎಂಬುದು ಬಂತು, ದುಂಡು ಹೋಗಿ ಉದ್ದವಾಯಿತು, ಕೆಲವಕ್ಕೆ ಹೃದಯದ ಆಕಾರವೂ ಆಯಿತು. ಎಲಾಟಸ್‌ಗೆ ಹಿಂಬದಿಯ ಗೋಡೆಯಲ್ಲಿ ಒಂದು ಕುಣಿ. ಅದು ಸರಿಯಾಗಿ ಕಾಣುವಂತೆ ಉಳಿದಿದ್ದರೆ ನಮಗೆ ಹಬ್ಬ. ಮೇಲಿನ ಐದೆಸಳಿನ ಹೂವು ಉಸಿರಾಟದ ಕೊಳವೆಪಾದಗಳು ಹೊರಬರುತ್ತಿದ್ದ ರಂಧ್ರಗಳ ಸಾಲು. ಕೆಳಗೆ ಬಾಯಿಯ ಸುತ್ತಲೂ ಒಂದು ಪುಟ್ಟ ಹೂವು. ಅಲ್ಲಲ್ಲಿ ಏಳುವ ಸಣ್ಣ ಸಣ್ಣ ಗುಬುಟುಗಳ ಮೇಲೆ ಒಂದು ಕಾಲಕ್ಕೆ ಮುಳ್ಳು ಆಡುತ್ತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷು, ಹೊಲಿಗೆ ಸೂಜಿ, ನೀರು, ಭೂತಗನ್ನಡಿ, ಇಷ್ಟೇ ಸಲಕರಣೆ. ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಗುಬುಟುಗಳಿಗೆ ನೆರಳು ಸಿಗುತ್ತದೆಂದು ನಾನು ಕಿಟಕಿಯ ಬಳಿ ಕೂರುತ್ತೇನೆ. ಒಂದು ದಿನ ಬಂದ ಬೀಗರು ಏನು ನೋಡುತ್ತಿದ್ದೀರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಮುಖಾ, ಮುಖಾ ನೋಡ್ಲಿಕತ್ತಾರ" ಎಂದು ಮನೆಯ ಮರ್ಯಾದೆ ಉಳಿಸಿದಳು.

ಹುಣಸೆಹಣ್ಣಿನ ಪ್ರಕರಣವೂ ಈ ಹೊತ್ತಿನದೇ. ಐದೆಸಳು ನೋಡಿದ ನಮ್ಮವ್ವ ಒಂದು ಅರ್ಚಿನ್ನನ್ನು ಎತ್ತಿಕೊಂಡು ಹೋಗಿ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮದ ಪಕ್ಕ ಇಟ್ಟಿದ್ದಳು. ಅವಳ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಗಂಡಕಿಯ ಸಾಲಿಗ್ರಾಮದೊಳಗಿನ ಚಕ್ರವೂ ಕಡಲ ಜೀವಿಯದೇ, ಅಮ್ಮೊನೈಟಿನದು. ಇಂಗ್ಲೆಂಡಿನ ಹಳ್ಳಿಗರು ಇದೇ ಅರ್ಚಿನ್‌ಗಳನ್ನು ಕುರುಬನ ಕಿರೀಟವೆಂದು ಕಿಟಕಿಯಲ್ಲಿಟ್ಟು ಸಿಡಿಲಿನಿಂದ ಕಾಪಾಡಲಿ ಎಂದುಕೊಂಡವರೇ. ದೀಪಾವಳಿಯ ಮುನ್ನಾದಿನ ಅವ್ವ ಪಂಚಪಾತ್ರೆ, ಉದ್ಧರಣೆಗಳ ಜೊತೆಗೆ ಅದಕ್ಕೂ ಹುಣಸೆಹುಳಿ ಹಚ್ಚಿ ತಿಕ್ಕಿದಳು. ಸುಣ್ಣಕಲ್ಲಿಗೆ ಹುಳಿ ತಾಕಿದರೆ ಏನಾಗುತ್ತದೆಂದು ಹೈಸ್ಕೂಲಿನ ಪುಸ್ತಕದಲ್ಲಿದೆ. ನೊರೆ ಬಂತು. ದೇವರು ಪ್ರಸನ್ನನಾದನೆಂದು ಅವ್ವ ಇನ್ನಷ್ಟು ತಿಕ್ಕಿದಳು. ನಾನು ಆಫೀಸಿನಿಂದ ಬರುವ ಹೊತ್ತಿಗೆ ಅದು ಹೊಳೆಯುತ್ತಿತ್ತು, ಒಂದು ಗುಬುಟೂ ಉಳಿದಿರಲಿಲ್ಲ. ಸೂತಕದ ಮುಖ ಹೊತ್ತು ಚಾಚಾನ ಬಳಿ ಹೋದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾತ್ ಕರೋಡ್ ಸಾಲ್ ಬಚಾ, ಇಮ್ಲಿ ಸೆ ನೈ ಬಚಾ!" ಎಂದರು. ಆಮೇಲೆ ಗಂಭೀರರಾಗಿ, ಚೀಟಿಯ ಹಿಂಬದಿಯಲ್ಲಿ 'ಹುಳಿಯಿಂದ ಸವೆದಿದೆ' ಎಂದು ಬರೆಸಿದರು. ಅವ್ವನ ಹೆಸರು ಬರೆಯಲು ಹೋದರೆ ಕೈ ತಡೆದರು. ಹೆಸರಿನ ವಿಷಯದಲ್ಲಿ ಅವರದು ಅಷ್ಟು ಕಟ್ಟುನಿಟ್ಟು.

ಮೊಮ್ಮಗಳನ್ನು ನೌಬತ್ ಪಹಾಡಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ದಾಗ ಕೋಟಾಸಾರಸ್‌ನ ಅಸ್ಥಿಪಂಜರದ ಕೆಳಗೆ ನಿಂತು ಅವಳು ಕತ್ತೆತ್ತಿ ನೋಡಿದಳು. ಯಾಮನಪಲ್ಲಿಯ ಬಳಿ ಸಿಕ್ಕ ಮೂಳೆಗಳವು. ಹೆಸರಿಟ್ಟವರು ಭೂಗರ್ಭ ಸರ್ವೇಕ್ಷಣ ಇಲಾಖೆಯ ಪಿ. ಯಾದಗಿರಿ. "ಅಜ್ಜಾ, ನಿನ್ನ ಕಲ್ಲು ಯಾಕ ಇಷ್ಟೇ ಇಷ್ಟ ಅವ?" ಎಂದು ಬೆರಳು ಮಡಚಿ ತೋರಿಸಿದಳು. ಅವಳಿಗೆ ನಾನು ಇನ್ನೊಂದು ಪ್ರಾಣಿಯ ಕತೆ ಹೇಳಿದೆ. ಅದೇ ಯಾದಗಿರಿ, ಅಯ್ಯಸಾಮಿ ಎಂಬವರೊಡನೆ ಅರಿಯಲೂರು ಸೀಮೆಯ ಕಲ್ಲಮೇಡಿನಲ್ಲಿ ಸಿಕ್ಕ ದೈತ್ಯ ಮೂಳೆಗಳನ್ನು ವಿವರಿಸಿ 1987ರಲ್ಲಿ ಬೃಹತ್ಕಾಯೊಸಾರಸ್ ಎಂದು ಕರೆದರು. ಭೂಮಿಯ ಮೇಲೆ ನಡೆದಾಡಿದ ಅತಿ ದೊಡ್ಡ ಪ್ರಾಣಿಗಳ ಸಾಲಿನಲ್ಲಿ ಅದೂ ಇರಬಹುದೆಂದು ಲೆಕ್ಕ. ಆದರೆ ಮೂಳೆಗಳು ಮೆದುವಾಗಿದ್ದವು, ಪುಡಿಯಾಗಿ ಹೋದವು. ಈಗ ಉಳಿದಿರುವುದು ಕೆಲವು ಚಿತ್ರ, ಅಳತೆ, ಹೆಸರು. ಅದೇ ಸೀಮೆಯಲ್ಲಿ ನನ್ನ ಎಲಾಟಸ್ ಮಾತ್ರ ಮೈಮೇಲಿನ ಚುಕ್ಕಿಯನ್ನೂ ಕಳೆದುಕೊಳ್ಳದೆ ಇದೆ. ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗಳು ಐಸ್‌ಕ್ರೀಮಿನ ಅಂಗಡಿಯ ಕಡೆ ನಡೆದಿದ್ದಳು. ದೊಡ್ಡವರ ಕತೆಗಿಂತ ಸಣ್ಣವರ ಕತೆ ಗಟ್ಟಿ ಎಂಬ ನನ್ನ ವಾದಕ್ಕೆ ಕೇಳುಗರು ಸಿಗುವುದು ಕಷ್ಟ.

ಕೇಳುಗರ ಮಾತು ಬಂದಾಗ ನನಗೆ ಈ ಸಣ್ಣವರ ಕತೆಗೆ ಕಿವಿಗೊಟ್ಟ ಫರ್ಡಿನಾಂಡ್ ಸ್ಟೊಲಿಚ್ಕಾ ನೆನಪಾಗುತ್ತಾರೆ. ಮೊರಾವಿಯಾದವರು. 1862ರಲ್ಲಿ ಕಲ್ಕತ್ತೆಯ ಭೂಗರ್ಭ ಸರ್ವೇಕ್ಷಣೆಗೆ ಸೇರಿ, ಬ್ಲ್ಯಾನ್‌ಫರ್ಡ್ ಮೊದಲಾದವರು ತಿರುಚ್ಚಿ ಸೀಮೆಯಿಂದ ಕಲೆಹಾಕಿ ತಂದಿದ್ದ ರಾಶಿಗಟ್ಟಲೆ ಚಿಪ್ಪುಗಳನ್ನು ಒಂದೊಂದಾಗಿ ನೋಡಿ, ಹೆಸರಿಸಿ, ನಾಲ್ಕು ದಪ್ಪ ಸಂಪುಟ ಮಾಡಿದರು. ಅರ್ಚಿನ್‌ಗಳ ಪಾಳಿ ಬಂದದ್ದು ಕೊನೆಯ ಸಂಪುಟದಲ್ಲಿ, 1873ರಲ್ಲಿ. ಮರುವರ್ಷ ಯಾರ್ಕಂದಿನಿಂದ ಮರಳುವಾಗ ಲಡಾಖಿನ ಮುರ್ಗೋ ಎಂಬಲ್ಲಿ ತೀರಿಕೊಂಡರು. ವಯಸ್ಸು 36. ಸಮಾಧಿ ಲೇಹ್‌ನಲ್ಲಿದೆ. ಅವರ ಪುಸ್ತಕದ ಪಟಗಳಲ್ಲಿ ಅರ್ಚಿನ್‌ನ ಒಂದೊಂದು ರಂಧ್ರವನ್ನೂ ಎಣಿಸಿ ಬಿಡಿಸಿದ್ದಾರೆ. ಚಾಚಾ ಆ ಪಟಗಳನ್ನು ನೋಡುತ್ತ "ಹಾಥ್ ದೇಖೋ, ಹಾಥ್" ಎನ್ನುತ್ತಿದ್ದರು. ವಿಜ್ಞಾನ ಆಮೇಲೆ; ಅವರಿಗೆ ಮೊದಲು ಕಾಣುತ್ತಿದ್ದುದು ಗೆರೆ ಎಳೆದ ಕೈ.

ಹೆಂಡತಿಯನ್ನು ಅರಿಯಲೂರಿಗೆ ಒಯ್ದದ್ದು ಗಂಗೈಕೊಂಡಚೋಳಪುರದ ದೇವಸ್ಥಾನದ ಆಸೆ ತೋರಿಸಿ. ನಾಂಪಲ್ಲಿಯಲ್ಲಿ ಚಾರ್‌ಮಿನಾರ್ ಎಕ್ಸ್‌ಪ್ರೆಸ್ ಹತ್ತಿದಾಗ ನನ್ನ ಚೀಲದಲ್ಲಿ ಸುತ್ತಿಗೆ, ಅವಳ ಚೀಲದಲ್ಲಿ ಚಟ್ನಿಪುಡಿ ಮತ್ತು ಜೋಳದ ಕಟಿರೊಟ್ಟಿ. ಮರುದಿನ ಕಲ್ಲಂಕುರಿಚ್ಚಿಯಲ್ಲಿ ಅವಳು ಕಲಿಯುಗ ವರದರಾಜ ಪೆರುಮಾಳ್ ಗುಡಿಗೆ ಹೋಗಿ ಬಂದಳು, ನಾನು ಗಣಿಯವರ ಒಪ್ಪಿಗೆ ಪಡೆದು ಅವರು ಬೇಡವೆಂದು ಸುರಿದಿದ್ದ ಗುಡ್ಡೆಗೆ ಹೋದೆ. ಬಿಸಿಲು ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಸಿಂಪಿಗಳೋ ಸಿಂಪಿಗಳು, ಅರ್ಚಿನ್ ಮಾತ್ರ ಒಂದೂ ಇಲ್ಲ. ನಾನು ಮಂಡಿಯೂರಿ ಪದರ ಪದರ ಶೋಧಿಸುತ್ತಿದ್ದರೆ, ಕೊಡೆ ಹಿಡಿದು ಬಂದ ಅವಳು ಚಪ್ಪಲಿಯ ತುದಿಯಿಂದ ಏನನ್ನೋ ಉರುಳಿಸಿ, ಬಗ್ಗಿ ಎತ್ತಿ, "ಇದೇನ್ರೀ, ಇಡ್ಲಿ ಇದ್ದಂಗ ಅದ" ಎಂದಳು. ಅಂಥ ಎಲಾಟಸ್ ನನ್ನ ಪೆಟ್ಟಿಗೆಯಲ್ಲಿ ಮತ್ತೊಂದಿಲ್ಲ. ಐದೆಸಳೂ ಪೂರ್ತಿ, ಹಿಂಬದಿಯ ಕುಣಿ ಪೂರ್ತಿ. ಪದ್ಧತಿಯಂತೆ ಜಾಗ, ಪದರ, ತಾರೀಖು ಬರೆದಿಟ್ಟೆ.

ಚಾಚಾ ಹೋದ ಮೇಲೆ ಮಗ ಜೆಡ್ಡಾದಿಂದ ಬಂದು ಮನೆ ಖಾಲಿ ಮಾಡಿದ. ತಗಡಿನ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಹತ್ತಿಯನ್ನು ಬದಲಿಸಲೆಂದು ಎಲ್ಲವನ್ನೂ ಹೊರತೆಗೆದಾಗ, ತೀರ ತಳದಲ್ಲಿ ಒಂದು ಸಣ್ಣ ಅರ್ಚಿನ್ ಸಿಕ್ಕಿತು. ಅರ್ಧ ಒಡೆದದ್ದು, ಯಾವ ಜಾತಿಯೆಂದು ಹೇಳಲು ಬೇಕಾದ ಭಾಗವೇ ಇಲ್ಲ. ಇಂಥದ್ದನ್ನು ಅವರು ಎಸೆಯುತ್ತಿದ್ದರು, ನನ್ನಿಂದಲೂ ಎಸೆಸಿದ್ದರು. ಅದರ ಚೀಟಿ ಮಾತ್ರ ಉರ್ದುವಿನಲ್ಲಿತ್ತು. ಅಪ್ಪ ಇದ್ದಿದ್ದರೆ ಓದುತ್ತಿದ್ದರು. ನನಗೆ ಬಸ್ಸಿನ ಬೋರ್ಡಿನ ಮಟ್ಟಿಗೆ ಉರ್ದು ಗೊತ್ತು, ಕೈಬರಹ ಹತ್ತುವುದಿಲ್ಲ.

ಛತ್ತಾ ಬಜಾರಿಗೆ ಹೋದೆ. ಮದುವೆಯ ಕಾರ್ಡು ಅಚ್ಚು ಹಾಕುವ ಅಂಗಡಿಗಳ ಸಾಲಿನಲ್ಲಿ ಕಲಮು ಹಿಡಿದ ವಯಸ್ಸಾದ ಕಾತಿಬರೊಬ್ಬರು ಕೂತಿದ್ದರು. ಚೀಟಿಯನ್ನು ಬೆಳಕಿಗೆ ಹಿಡಿದರು. ಅಕ್ಷರ ಬಹಳ ಚೆಂದವಿದೆ ಎಂದರು. ಆಮೇಲೆ ಓದಿದರು: "ಬೇಗಮ್ ನೆ ಉಠಾಯಾ. ಹಂಸೀ."

ಅಷ್ಟೇ. ಊರಿಲ್ಲ, ಪದರವಿಲ್ಲ, ತಾರೀಖಿಲ್ಲ. ಬೇಗಮ್ ಎತ್ತಿಕೊಂಡಳು, ನಕ್ಕಳು. ಅವರ ಹೆಂಡತಿಯನ್ನು ನಾನು ನೋಡಿದವನಲ್ಲ. ನಾವು ಪರಿಚಯವಾಗುವ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಅಷ್ಟು ವರ್ಷ ಅವರ ಜಗಲಿಯಲ್ಲಿ ಕೂತು ಚಹಾ ಕುಡಿದರೂ ಆಕೆಯ ಬಗ್ಗೆ ಒಂದು ಮಾತು ಆಡಿದ್ದು ನೆನಪಿಲ್ಲ. ಕಾತಿಬರು ಚೀಟಿಯನ್ನು ಹಿಂತಿರುಗಿಸುತ್ತ, ಇದನ್ನು ಯಾವ ಮದುವೆಯ ಕಾರ್ಡಿಗೆ ಹಾಕಿಸಬೇಕು, ಎಷ್ಟು ಪ್ರತಿ ಎಂದು ವಿಚಾರಿಸಿದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಆ ಒಡೆದ ಅರ್ಚಿನ್ನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ನಗ್ಲಿಕ್ಕೆ ಏನಾಗಿತ್ತೋ ಪಾಪ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಂದಂಗ ಆ ಇಡ್ಲಿ ಚೀಟಿ ಮ್ಯಾಲೆ ಏನ್ ಬರ್ದೀರಿ?" ಎಂದು ಕೇಳಿದಳು. ಜಾಗ, ಪದರ, ತಾರೀಖು ಎಂದೆ. "ತರ್ರಿ ಇಲ್ಲಿ" ಎಂದಳು.

ತಂದೆ. ಅವಳು ಹೇಳಿದಂತೆ ನಾಲ್ಕನೆಯ ಸಾಲು ಬರೆದೆ. ಕನ್ನಡಕ ಹಾಕಿಕೊಂಡು ತನ್ನ ಹೆಸರಿನ ಒತ್ತಕ್ಷರ ಸರಿಯಿದೆಯೇ ನೋಡಿ, ಅವತ್ತು ಆ ಸ್ಟೇಷನ್ನಿನ ಚಹಾ ಸುತರಾಂ ಛಲೋ ಇರಲಿಲ್ಲ, ಅದನ್ನೂ ಬರೆಯಿರಿ ಎಂದಳು. ಚೀಟಿಯಲ್ಲಿ ಜಾಗ ಉಳಿದಿರಲಿಲ್ಲ. ಹಿಂಬದಿಗೆ ಬರೆದೆ.